ನಮ್ಮ ಬಿಸಿಲಿಗೆ ಯಾವ ಫೋಲ್ಡಿಂಗ್ ಕ್ಯಾಮೆರಾ? ನೆಟ್ಟಾರ್‌ನಿಂದ ಮಾಸ್ಕ್ವಾವರೆಗೆ ಒಂದು ಹೋಲಿಕೆ

ಮಡಚಿದರೆ ಕೋಟಿನ ಕಿಸೆಗೆ ಇಳಿಯುವ, ಬಿಚ್ಚಿದರೆ ಆರು ಸೆಂಟಿಮೀಟರ್ ಅಗಲದ ನೆಗೆಟಿವ್ ಕೊಡುವ ಹಳೆಯ ಫೋಲ್ಡಿಂಗ್ ಕ್ಯಾಮೆರಾ ಕೊಳ್ಳಬೇಕೆಂದು ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೂರು ಕಡೆ ಸಿಕ್ಕಿಬೀಳುತ್ತಾರೆ. ವಿಜಯಪುರದ ಒಬ್ಬರಿಗೆ ನೆಟ್ಟಾರ್ ಕೊಳ್ಳಬೇಕೋ ಐಸೊಲೆಟ್ ಕೊಳ್ಳಬೇಕೋ ಎಂಬ ಗೊಂದಲ. ಬೆಳಗಾವಿಯ ಇನ್ನೊಬ್ಬರಿಗೆ ಸೂಪರ್ ಇಕೊಂಟಾದ ಮೇಲೆ ಅಷ್ಟು ಹಣ ಹಾಕುವುದು ಸಾರ್ಥಕವೇ ಎಂಬ ಅನುಮಾನ. ಬಾಗಲಕೋಟೆಯ ಕಡೆಯವರೊಬ್ಬರಿಗೆ ಅಜ್ಜನ ಟ್ರಂಕಿನಲ್ಲಿ ಸಿಕ್ಕ ಕ್ಯಾಮೆರಾವನ್ನೇ ಸರಿಪಡಿಸಿಕೊಳ್ಳಬೇಕೇ, ಹೊಸದಾಗಿ ಬೇರೊಂದನ್ನು ತರಿಸಬೇಕೇ ಎಂಬ ಪ್ರಶ್ನೆ. ಈ ಮೂವರಿಗೂ ಒಂದೇ ಉತ್ತರ ಕೊಡಲಾಗದು. ಆದರೆ ಮೂವರೂ ಒಂದೇ ಅಳತೆಗೋಲುಗಳನ್ನು ಹಿಡಿದು ತಮ್ಮ ತಮ್ಮ ಉತ್ತರವನ್ನು ಕಂಡುಕೊಳ್ಳಬಹುದು.

ಅಳತೆಗೋಲುಗಳನ್ನು ಹೇಳುವ ಮೊದಲು ನಮ್ಮ ಸೀಮೆಯ ಎರಡು ವಾಸ್ತವಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಇಲ್ಲಿ ಬೆಳಕಿಗೆ ಬರವಿಲ್ಲ. ಮಳೆಗಾಲದ ಬೆಳಗಾವಿಯನ್ನು ಬಿಟ್ಟರೆ ವರ್ಷದ ಬಹುಪಾಲು ದಿನ ನಿಚ್ಚಳ ಬಿಸಿಲು ಇರುತ್ತದೆ. ಎರಡನೆಯದಾಗಿ, ದುರಸ್ತಿಗೆ ಬರವಿದೆ. ಈ ಕ್ಯಾಮೆರಾಗಳ ಲೆನ್ಸ್ ಬಿಚ್ಚಿ ಮತ್ತೆ ಸರಿಯಾಗಿ ಜೋಡಿಸಬಲ್ಲವರು ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ, ಇವುಗಳಿಗೆ ಹಾಕುವ 120 ಎಂಬ ಅಳತೆಯ ಫಿಲ್ಮ್ ರೋಲನ್ನು ಡೆವಲಪ್ ಮಾಡಿಸಲು ಬೆಂಗಳೂರಿಗೋ ಮುಂಬಯಿಗೋ ಕೊರಿಯರ್ ಮಾಡಬೇಕಾಗುತ್ತದೆ. ಆದ್ದರಿಂದ ಮೋಡದ ನಾಡಿನವರು ಬರೆದಿಟ್ಟ ಸಲಹೆಗಳು, ಅದರಲ್ಲೂ ಹೆಚ್ಚು ಬೆಳಕು ಎಳೆಯುವ ದೊಡ್ಡ ಲೆನ್ಸಿಗೆ ಹೆಚ್ಚು ಹಣ ಕೊಡಿ ಎಂಬಂಥವು, ನಮಗೆ ಹಾಗೆಯೇ ಒಗ್ಗುವುದಿಲ್ಲ. ಕೆಡುವ ಭಾಗಗಳು ಕಡಿಮೆ ಇರುವ, ಕೆಟ್ಟರೂ ಮನೆಯಲ್ಲಿಯೇ ಸರಿಪಡಿಸಿಕೊಳ್ಳಬಹುದಾದ ಕ್ಯಾಮೆರಾ ನಮಗೆ ಹೆಚ್ಚು ಬಾಳುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದಿನ ಹೋಲಿಕೆಯೆಲ್ಲ ಈ ಅಭಿಪ್ರಾಯದ ಮೇಲೆಯೇ ನಿಂತಿದೆ.

ಯಾವ ಅಳತೆಗೋಲು?

ಮೊದಲು ಫಿಲ್ಮ್. ಕೊಡಕ್ ಕಂಪನಿ 1901ರಲ್ಲಿ ತಂದ 120 ರೋಲ್ ಇಂದಿಗೂ ಹೊಸದಾಗಿ ತಯಾರಾಗುತ್ತಿದೆ. ಅದೇ ಕಂಪನಿ 1930ರ ದಶಕದ ಆರಂಭದಲ್ಲಿ ತಂದ 620 ರೋಲಿನ ಫಿಲ್ಮ್ ಅದೇ ಅಗಲದ್ದಾದರೂ ಅದರ ಸುರುಳಿಯ ನಡುಗಂಬ ಸಣ್ಣದು. ಅದರ ತಯಾರಿಕೆ 1995ರಲ್ಲಿ ನಿಂತುಹೋಯಿತು. ಕ್ಯಾಮೆರಾ ಎಷ್ಟೇ ಚೆಂದವಿರಲಿ, ಒಳಗೆ 620 ಎಂದು ಬರೆದಿದ್ದರೆ ಪ್ರತಿ ಸಲವೂ ಕತ್ತಲೆಯಲ್ಲಿ ಕುಳಿತು 120 ಫಿಲ್ಮನ್ನು ಹಳೆಯ ಸುರುಳಿಗೆ ಸುತ್ತಿಕೊಳ್ಳುವ ತಾಳ್ಮೆ ನಿಮಗಿದೆಯೇ ಎಂದು ಮೊದಲೇ ಯೋಚಿಸಬೇಕು.

ಎರಡನೆಯದು ನೆಗೆಟಿವ್‌ನ ಆಕಾರ. ಒಂದೇ 120 ರೋಲಿನಲ್ಲಿ 6×4.5 ಸೆಂಟಿಮೀಟರ್ ಅಳತೆಯ 16, 6×6 ಅಳತೆಯ 12, 6×9 ಅಳತೆಯ 8 ಚಿತ್ರಗಳು ಬರುತ್ತವೆ. ರೋಲು, ಕೊರಿಯರ್, ಡೆವಲಪ್, ಸ್ಕ್ಯಾನ್ ಎಲ್ಲ ಸೇರಿ ಒಂದು ರೋಲಿಗೆ 1,600 ರೂಪಾಯಿ ತಗಲುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ಒಂದು ಚಿತ್ರಕ್ಕೆ ಕ್ರಮವಾಗಿ 100, 133 ಮತ್ತು 200 ರೂಪಾಯಿ ಬೀಳುತ್ತದೆ. ಕ್ಯಾಮೆರಾದ ಬೆಲೆಯನ್ನು ಒಮ್ಮೆ ಕೊಡುತ್ತೀರಿ, ಈ ಬೆಲೆಯನ್ನು ಬಟನ್ ಒತ್ತಿದಾಗಲೆಲ್ಲ ಕೊಡುತ್ತೀರಿ. 6×6 ನೆಗೆಟಿವ್ 35 ಎಂಎಂ ನೆಗೆಟಿವ್‌ಗಿಂತ ವಿಸ್ತಾರದಲ್ಲಿ ಮೂರೂವರೆ ಪಟ್ಟಿಗೂ ಹೆಚ್ಚು ದೊಡ್ಡದು. ಗೋಡೆಗೆ ತೂಗುಹಾಕುವಷ್ಟು ದೊಡ್ಡ ಪ್ರಿಂಟ್ ತೆಗೆಯುವ ಉದ್ದೇಶವಿಲ್ಲದವರಿಗೆ ಅದಕ್ಕಿಂತ ದೊಡ್ಡದು ಬೇಕಾಗುವುದು ಅಪರೂಪ.

ಮೂರನೆಯದು ಫೋಕಸ್ ಮಾಡುವ ವಿಧಾನ. ಬೆಲೆಯಲ್ಲಿ ಅತಿ ದೊಡ್ಡ ಅಂತರ ತರುವುದು ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಸರಳ ಮಾದರಿಗಳಲ್ಲಿ ದೂರವನ್ನು ಕಣ್ಣಂದಾಜಿನಿಂದ ನಿರ್ಧರಿಸಿ ಲೆನ್ಸಿನ ಉಂಗುರವನ್ನು ಆ ಅಂಕಿಗೆ ತಿರುಗಿಸಬೇಕು. ನಡುವಿನ ಮಾದರಿಗಳಲ್ಲಿ ದೂರ ಅಳೆಯುವ ಸಾಧನವಾದ ರೇಂಜ್‌ಫೈಂಡರ್ ಇರುತ್ತದೆ, ಆದರೆ ಅದಕ್ಕೂ ಲೆನ್ಸಿಗೂ ಜೋಡಣೆಯಿಲ್ಲ; ಅದು ತೋರಿಸಿದ ದೂರವನ್ನು ಓದಿ ನೀವೇ ಉಂಗುರಕ್ಕೆ ದಾಟಿಸಬೇಕು. ಮೇಲ್ದರ್ಜೆಯವುಗಳಲ್ಲಿ ರೇಂಜ್‌ಫೈಂಡರ್ ಮತ್ತು ಲೆನ್ಸ್ ಒಂದಕ್ಕೊಂದು ಜೋಡಿಕೊಂಡಿರುತ್ತವೆ. ಎರಡು ಬಿಂಬಗಳು ಕೂಡಿದರೆ ಫೋಕಸ್ ಆಯಿತು.

ಈ ಸೌಕರ್ಯ ನಿಮಗೆ ಬೇಕೇ ಎಂಬುದನ್ನು ನೀವು ತೆಗೆಯುವ ಚಿತ್ರಗಳೇ ಹೇಳುತ್ತವೆ. 75 ಮಿಲಿಮೀಟರ್ ಲೆನ್ಸಿನ ಬೆಳಕಿನ ದ್ವಾರವನ್ನು, ಅಂದರೆ ಅಪರ್ಚರನ್ನು, ಎಫ್ 11ಕ್ಕೆ ಕಿರಿದುಗೊಳಿಸಿ (ಎಫ್ ಅಂಕಿ ಹೆಚ್ಚಿದಷ್ಟೂ ದ್ವಾರ ಕಿರಿದು) ದೂರದ ಉಂಗುರವನ್ನು 10 ಮೀಟರಿಗೆ ಇಟ್ಟರೆ ಸುಮಾರು 5 ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ಜೈಸ್ ಇಕಾನ್ ಕಂಪನಿಯವರು ತಮ್ಮ ಹಲವು ಮಾದರಿಗಳ ದೂರದ ಉಂಗುರದ ಮೇಲೂ ಅಪರ್ಚರ್ ಪಟ್ಟಿಯ ಮೇಲೂ ಕೆಂಪು ಗುರುತು ಹಾಕಿದ್ದು ಇದಕ್ಕಾಗಿಯೇ. ಎರಡನ್ನೂ ಕೆಂಪು ಗುರುತಿಗೆ ತಂದರೆ ಫೋಕಸ್ಸಿನ ಚಿಂತೆಯೇ ಇಲ್ಲ. ಪಟ್ಟದಕಲ್ಲಿನ ಗುಡಿಗಳ ಅಂಗಳ, ಆಲಮಟ್ಟಿಯ ಹಿನ್ನೀರು, ಬಾದಾಮಿಯ ಅಗಸ್ತ್ಯತೀರ್ಥದ ಆಚೆಯ ಬಂಡೆಗಳು, ಇಬ್ರಾಹಿಂ ರೋಜಾದ ಜೋಡಿ ಕಟ್ಟಡ, ಇವೆಲ್ಲ ಈ ವ್ಯಾಪ್ತಿಯೊಳಗೇ ಬರುತ್ತವೆ. ಆದರೆ ಇಳಕಲ್ಲಿನ ಮಗ್ಗದ ಮುಂದೆ ಕುಳಿತ ನೇಕಾರರ ಮುಖವನ್ನು ಒಂದೂವರೆ ಮೀಟರಿನಿಂದ ಎಫ್ 4.5ರಲ್ಲಿ ತೆಗೆಯುವುದಾದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 18 ಸೆಂಟಿಮೀಟರ್ ಮಾತ್ರ. 6×9 ಕ್ಯಾಮೆರಾದ 105 ಮಿಲಿಮೀಟರ್ ಲೆನ್ಸಿನಲ್ಲಾದರೆ ಅದರ ಅರ್ಧದಷ್ಟು. ಅಲ್ಲಿ ಕಣ್ಣಂದಾಜು ಕೈಕೊಡುತ್ತದೆ. ಕಟ್ಟಡ ಮತ್ತು ಬಯಲಿನವರು ರೇಂಜ್‌ಫೈಂಡರಿಗೆ ಹಣ ಕೊಡಬೇಕಾಗಿಲ್ಲ, ಮನುಷ್ಯರ ಮುಖದವರು ಕೊಡುವುದೇ ಒಳ್ಳೆಯದು.

ಲೆನ್ಸಿನ ವಿಚಾರವನ್ನು ಬೇಗ ಮುಗಿಸಬಹುದು. ನೊವಾರ್, ಅಪೊಟಾರ್, ಅಗ್ನಾರ್, ವಾಸ್ಕಾರ್ ಇವು ಮೂರು ಗಾಜಿನವು. ಟೆಸ್ಸಾರ್, ಸೊಲಿನಾರ್, ಕಲರ್ ಸ್ಕೋಪಾರ್ ನಾಲ್ಕು ಗಾಜಿನವು. ಪೂರ್ತಿ ತೆರೆದಾಗ ಅಂಚುಗಳಲ್ಲಿ ನಾಲ್ಕು ಗಾಜಿನವು ಮೇಲು. ಎಫ್ 11ಕ್ಕೆ ಬಂದರೆ ಅಂತರ ಬಹಳ ಕಡಿಮೆ, ನಮ್ಮ ಬಿಸಿಲಿನಲ್ಲಿ ನೀವು ಇರುವುದು ಹೆಚ್ಚಾಗಿ ಎಫ್ 11ರಲ್ಲಿಯೇ. ಎಫ್ 4.5ರ ಬದಲು ಎಫ್ 3.5 ಕೊಂಡರೆ ಸಿಗುವ ಲಾಭ ಒಂದು ಸ್ಟಾಪಿಗಿಂತ (ಬೆಳಕು ಇಮ್ಮಡಿಯಾಗುವ ಒಂದು ಹೆಜ್ಜೆ) ಕಡಿಮೆ. ಐಎಸ್‌ಓ 100ರ ಬದಲು, ಬೆಳಕಿಗೆ ಹೆಚ್ಚು ಬೇಗ ಸ್ಪಂದಿಸುವ 400 ಫಿಲ್ಮ್ ಹಾಕಿದರೆ ಎರಡು ಸ್ಟಾಪ್ ಸಿಗುತ್ತದೆ. ಇದಕ್ಕಿಂತ ಮುಖ್ಯವಾದದ್ದು ಲೆನ್ಸಿನ ಮೇಲಿನ ಕೋಟಿಂಗ್. ಎರಡನೇ ಮಹಾಯುದ್ಧದ ನಂತರದ ಮಾದರಿಗಳಲ್ಲಿ ಅದು ಸಾಮಾನ್ಯವಾಯಿತು. ಎದುರು ಬಿಸಿಲಿನಲ್ಲಿ ಚಿತ್ರ ಮಸುಕಾಗುವುದನ್ನು ಅದು ಚೆನ್ನಾಗಿ ತಡೆಯುತ್ತದೆ. ಆದ್ದರಿಂದ 1950ರ ದಶಕದ ಮೂರು ಗಾಜಿನ ಲೆನ್ಸನ್ನು 1930ರ ದಶಕದ ಕೋಟಿಂಗ್ ಇಲ್ಲದ ಟೆಸ್ಸಾರ್‌ಗಿಂತ ಮೇಲೆ ಇಡುತ್ತೇನೆ.

ಕೊನೆಯದಾಗಿ ಶಟರ್, ಮತ್ತು ಲೆನ್ಸಿಗೂ ಫಿಲ್ಮಿಗೂ ನಡುವೆ ಮಡಚಿಕೊಳ್ಳುವ ಚೀಲವಾದ ಬೆಲ್ಲೋಸ್. ಶಟರಿನ ಅತಿ ಹೆಚ್ಚಿನ ವೇಗ ಕೆಲವು ಮಾದರಿಗಳಲ್ಲಿ 1/200 ಸೆಕೆಂಡ್, ಕೆಲವುಗಳಲ್ಲಿ 1/300, ಉತ್ತಮ ಕಾಂಪುರ್‌ಗಳಲ್ಲಿ 1/500. ಐಎಸ್‌ಓ 100 ಫಿಲ್ಮಿಗೆ ನಡುಹಗಲ ಬಿಸಿಲಿನಲ್ಲಿ 1/200 ಮತ್ತು ಎಫ್ 11 ಸಾಕಾಗುತ್ತದೆ. ಐಎಸ್‌ಓ 400 ಹಾಕಿದರೆ ಎಫ್ 22ಕ್ಕೆ ಇಳಿಯಬೇಕು, ಅಲ್ಲಿಗೆ ಕ್ಯಾಮೆರಾದ ಮಿತಿಯೇ ಮುಟ್ಟುತ್ತದೆ. ಹೀಗಾಗಿ ಅಗ್ಗದ ಶಟರ್ ಇರುವವರು ಹೊರಾಂಗಣಕ್ಕೆ 100ರ ಫಿಲ್ಮನ್ನೇ ಆರಿಸಬೇಕು. ಬೆಲ್ಲೋಸ್ ಬಗ್ಗೆ ಹೇಳಬೇಕಾದದ್ದು ಒಂದೇ: ತೂತು ಬಿದ್ದ ಬೆಲ್ಲೋಸ್ ಇರುವ ಕ್ಯಾಮೆರಾದ ನಿಜವಾದ ಬೆಲೆಯೆಂದರೆ ಹೊಸ ಬೆಲ್ಲೋಸಿನ ಬೆಲೆಯನ್ನೂ ಸೇರಿಸಿದ ಬೆಲೆ.

ನೆಟ್ಟಾರ್ ಮತ್ತು ಸಾದಾ ಇಕೊಂಟಾ

ಜೈಸ್ ಇಕಾನ್ ನೆಟ್ಟಾರ್ 518/16 ಮಾದರಿ 1950ರ ದಶಕದಲ್ಲಿ ಕಡಿಮೆ ಖರ್ಚಿನವರಿಗೆಂದು ಬಂದದ್ದು. 6×6 ಚಿತ್ರ, 75 ಮಿಲಿಮೀಟರ್ ನೊವಾರ್ ಲೆನ್ಸ್, ಅಂದಾಜಿನ ಫೋಕಸ್, ಹಿಂಬದಿಯ ಕೆಂಪು ಕಿಂಡಿಯಲ್ಲಿ ಅಂಕಿ ನೋಡಿ ಫಿಲ್ಮ್ ತಿರುಗಿಸುವ ವ್ಯವಸ್ಥೆ, ಇಷ್ಟೇ. ಇಷ್ಟೇ ಆದದ್ದರಿಂದಲೇ ಅದು ನಮಗೆ ಒಪ್ಪುತ್ತದೆ. ಇದರ ಬೆಲ್ಲೋಸ್ ಎಪ್ಪತ್ತು ವರ್ಷ ಕಳೆದರೂ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಒಮ್ಮೆ ಕ್ಲಿಕ್ ಮಾಡಿದ ಮೇಲೆ ಫಿಲ್ಮ್ ಮುಂದಕ್ಕೆ ತಿರುಗಿಸದೆ ಮತ್ತೆ ಬಟನ್ ಒತ್ತಲಾಗದಂತೆ ತಡೆಯೂ ಇದೆ. ಅಗ್ಗದ ಫೋಲ್ಡಿಂಗ್ ಕ್ಯಾಮೆರಾಗಳಲ್ಲಿ ಒಂದರ ಮೇಲೊಂದು ಚಿತ್ರ ಬೀಳುವುದು ದೊಡ್ಡ ಪೀಡೆಯಾದ್ದರಿಂದ ಈ ಸಣ್ಣ ತಡೆಯ ಬೆಲೆ ಬಳಸಿದವರಿಗೆ ಗೊತ್ತು.

ಕೊಳ್ಳುವಾಗ ಶಟರಿನ ಹೆಸರನ್ನು ಓದಿಕೊಳ್ಳಬೇಕು. ವೇರಿಯೊ ಶಟರಿನಲ್ಲಿ ಮೂರೇ ವೇಗಗಳಿವೆ, ನಿಧಾನದವು ಇಲ್ಲ. ಪ್ರೊಂಟರ್ ಎಸ್‌ವಿಯಲ್ಲಿ ಒಂದು ಸೆಕೆಂಡಿನಿಂದ 1/300ರವರೆಗೆ ಇವೆ. ಮೊದಲನೆಯದು ಬಡವಾಗಿ ಕಂಡರೂ ಕೆಡಲು ಅದರಲ್ಲಿ ಹೆಚ್ಚೇನೂ ಇಲ್ಲ. ಹಗಲಿನ ಹೊರಾಂಗಣವಷ್ಟೇ ಸಾಕೆನ್ನುವವರು ಅದನ್ನು ಧೈರ್ಯವಾಗಿ ಕೊಳ್ಳಬಹುದು. ಗುಹೆ, ಮಂಟಪ, ಸಂಜೆ ಬೇಕೆನ್ನುವವರು ಎರಡನೆಯದನ್ನು ಹುಡುಕಬೇಕು. ಇಕೊಂಟಾ ಇದೇ ಮನೆಯ ಮೇಲಿನ ದರ್ಜೆ. ಅದರ 520 ಮಾದರಿ 6×4.5 ಅಳತೆಯದಾಗಿ ಬಹಳ ಚಿಕ್ಕದಾಗಿದ್ದು, 16 ಚಿತ್ರ ಕೊಡುತ್ತದೆ. ಖರ್ಚು ಹಿಡಿದಿಡುವವರಿಗೂ ಸದಾ ಜೊತೆಯಲ್ಲಿ ಒಯ್ಯುವವರಿಗೂ ಅದು ಬಹಳ ಅನುಕೂಲ.

ಐಸೊಲೆಟ್: ಅಗ್ಗ, ಆದರೆ ಕೆಲಸ ಬೇಡುತ್ತದೆ

ಆಗ್ಫಾ ಐಸೊಲೆಟ್ I, II, III ಮಾದರಿಗಳು ನೆಟ್ಟಾರ್‌ನಷ್ಟೇ ಚಿಕ್ಕವು, ಕೈಯಲ್ಲಿ ಹಿಡಿಯಲು ಹಿತ, ಮತ್ತು ಸುಲಭವಾಗಿ ಸಿಗುವಂಥವು. III ಮಾದರಿಯಲ್ಲಿ ಜೋಡಣೆಯಿಲ್ಲದ ರೇಂಜ್‌ಫೈಂಡರ್ ಇದೆ. ಸೊಲಿನಾರ್ ಲೆನ್ಸ್ ಇರುವುದು ಸಿಕ್ಕರೆ ಚಿತ್ರ ತನ್ನ ಬೆಲೆಗೆ ಮೀರಿದ್ದಾಗಿರುತ್ತದೆ. ಆದರೆ ಎರಡು ರೋಗಗಳು ಈ ಕ್ಯಾಮೆರಾಗಳಿಗೆ ಕಟ್ಟಿಟ್ಟವು. ಒಂದು, ಆಗ್ಫಾದ ಬೆಲ್ಲೋಸ್ ಅಪ್ಪಟ ಚರ್ಮದ್ದಲ್ಲ. ಮಡಿಕೆಯ ಮೂಲೆಮೂಲೆಗಳಲ್ಲಿ ಸೂಜಿಮೊನೆಯ ತೂತುಗಳು ಬಿದ್ದಿರುತ್ತವೆ. ಇನ್ನೊಂದು, ಲೆನ್ಸಿನ ಮುಂಭಾಗದ ಎಳೆಗಳಿಗೆ ಹಚ್ಚಿದ ಹಸಿರು ಗ್ರೀಸ್ ಕಾಲಾಂತರದಲ್ಲಿ ಅರಗಿನ ಹಾಗೆ ಗಟ್ಟಿಯಾಗಿ ಉಂಗುರ ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ಇದರಲ್ಲಿ ಇನ್ನೊಂದು ಮೋಸವೂ ಅಡಗಿದೆ. ಕೆಲವೊಮ್ಮೆ ಉಂಗುರ ತಿರುಗುತ್ತದೆ, ಆದರೆ ಅದರೊಂದಿಗೆ ಮುಂದಿನ ಗಾಜಿನ ಜೊತೆ ಅಂಟಿಕೊಂಡ ನಡುವಿನ ಗಾಜೂ ತಿರುಗುತ್ತಿರುತ್ತದೆ. ಹೊರಗಿನಿಂದ ಎಲ್ಲ ಸರಿ ಎನಿಸುತ್ತದೆ, ಫೋಕಸ್ ಮಾತ್ರ ಪೂರ್ತಿ ತಪ್ಪಿರುತ್ತದೆ.

ಎರಡಕ್ಕೂ ಪರಿಹಾರವಿದೆ. ಗ್ರೀಸನ್ನು ಹದವಾದ ಬಿಸಿ ಮತ್ತು ದ್ರಾವಕದಿಂದ ಮೆತ್ತಗೆ ಮಾಡಿ ಬಿಚ್ಚಿ, ಒರೆಸಿ, ಹೊಸ ಗ್ರೀಸ್ ಹಚ್ಚಬಹುದು. ಬೆಲ್ಲೋಸ್ ತೂತುಗಳಿಗೆ ಕಪ್ಪು ಬಟ್ಟೆಬಣ್ಣ ಹಚ್ಚಿ ಕೆಲವು ತಿಂಗಳು ದೂಡಬಹುದು. ಕಾಯಂ ಪರಿಹಾರವೆಂದರೆ ಹೊಸ ಬೆಲ್ಲೋಸ್. ಕೈಕೆಲಸದಲ್ಲಿ ಆಸಕ್ತಿಯಿರುವ, ಒಂದು ಭಾನುವಾರವನ್ನು ಸಂತೋಷದಿಂದ ಅದಕ್ಕೆ ಕೊಡಬಲ್ಲವರಿಗೆ ಐಸೊಲೆಟ್‌ಗಿಂತ ಒಳ್ಳೆಯ ವ್ಯಾಪಾರ ಇನ್ನೊಂದಿಲ್ಲ. ಬಂದ ದಿನವೇ ರೋಲ್ ಹಾಕಿ ಹೊರಡಬೇಕು ಎನ್ನುವವರು ಈಗಾಗಲೇ ಸರಿಪಡಿಸಿ ಮಾರುವವರಿಂದ ಕೊಳ್ಳಲಿ, ಇಲ್ಲವೇ ನೆಟ್ಟಾರ್ ಕಡೆ ತಿರುಗಲಿ. ಜೋಡಣೆಯಿರುವ ರೇಂಜ್‌ಫೈಂಡರಿನ ಸೂಪರ್ ಐಸೊಲೆಟ್ ಕೂಡ 1954ರಲ್ಲಿ ಬಂತು. ಕ್ಯಾಮೆರಾ ಅತ್ಯುತ್ತಮ, ಆದರೆ ಬೆಲೆ ಬೇರೆಯೇ ಶ್ರೇಣಿಯದು.

ಪರ್ಕಿಯೊ

ಫೋಕ್ಟ್‌ಲೆಂಡರ್ ಪರ್ಕಿಯೊ 6×6 ಕ್ಯಾಮೆರಾಗಳಲ್ಲಿ ಅತಿ ಚಿಕ್ಕವುಗಳ ಸಾಲಿಗೆ ಸೇರಿದ್ದು. ಲೋಹದ ಕೆಲಸ ಬಿಗಿಯಾಗಿದ್ದು, ಬಾಗಿಲು ತೆರೆದಾಗ ಲೆನ್ಸಿನ ಚೌಕಟ್ಟು ಅಲುಗಾಡದೆ ನಿಲ್ಲುತ್ತದೆ. ಕಲರ್ ಸ್ಕೋಪಾರ್ 80 ಮಿಲಿಮೀಟರ್ ಲೆನ್ಸಿನ ಪರ್ಕಿಯೊ II ನೆಟ್ಟಾರ್‌ಗಿಂತ ಸಾಕಷ್ಟು ದುಬಾರಿ. ಅದರಲ್ಲಿ ಪ್ರತಿ ಚಿತ್ರಕ್ಕೂ ಫಿಲ್ಮ್ ತಾನಾಗಿ ನಿಲ್ಲುವ ವ್ಯವಸ್ಥೆಯಿದೆ. ಬಳಸಲು ಹಿತವಾದರೂ, ನಾನು ಆರಿಸುವುದಾದರೆ ಆ ವ್ಯವಸ್ಥೆಯಿಲ್ಲದ, ಕೆಂಪು ಕಿಂಡಿಯ ಪರ್ಕಿಯೊ I ಅನ್ನೇ ಆರಿಸುತ್ತೇನೆ. ಹಲ್ಲುಚಕ್ರ ಸಿಕ್ಕಿಕೊಂಡರೆ ಬಿಡಿಸುವವರು ಹತ್ತಿರದಲ್ಲಿಲ್ಲ. ಕಿಂಡಿ ಎಂದೂ ಸಿಕ್ಕಿಕೊಳ್ಳುವುದಿಲ್ಲ.

ಕೆಂಪು ಕಿಂಡಿಯನ್ನು ಹಳೆಯ ಕಾಲದ್ದೆಂದು ಕೀಳಾಗಿ ಕಾಣುವವರಿಗೆ ಒಂದು ಮಾತು. 120 ರೋಲಿನ ಹಿಂಬದಿಯ ಕಾಗದದ ಮೇಲೆ ಮೂರು ಅಳತೆಗಳಿಗೂ ಮೂರು ಸಾಲು ಅಂಕಿಗಳಿವೆ. ನಡುವಿನ ಸಾಲು 6×6ರದು. ಗುಂಡಿಯನ್ನು ನಿಧಾನವಾಗಿ ತಿರುಗಿಸುತ್ತ ಹೋದರೆ ಮೊದಲು ಎಚ್ಚರಿಕೆಯ ಚುಕ್ಕಿಗಳು ಸರಿಯುತ್ತವೆ, ಆಮೇಲೆ ಅಂಕಿಯ ಅಂಚು ಕಾಣಿಸುತ್ತದೆ, ನಡುವಿಗೆ ಬಂದಾಗ ನಿಲ್ಲಿಸಬೇಕು. ಈ ಕ್ರಮ ತಪ್ಪುವಂಥದ್ದೇ ಅಲ್ಲ. ಆದರೆ ಇಂದಿನ ಫಿಲ್ಮ್‌ಗಳು ಕೆಂಪು ಬೆಳಕಿಗೂ ಸ್ಪಂದಿಸುವುದರಿಂದ ನಮ್ಮ ಬಿಸಿಲಿನಲ್ಲಿ ಕಿಂಡಿಯನ್ನು ತೆರೆದಿಡಬಾರದು. ಕ್ಯಾಮೆರಾವನ್ನು ಮೈಯ ನೆರಳಿಗೆ ಹಿಡಿದು, ಮುಚ್ಚಳ ಸರಿಸಿ, ಅಂಕಿ ನೋಡಿ ಮತ್ತೆ ಮುಚ್ಚಬೇಕು. ಮುಚ್ಚಳವಿಲ್ಲದ ಹಳೆಯ ಮಾದರಿಗಳಿಗೆ ಕಪ್ಪು ಟೇಪ್ ಸಾಕು.

ಸೂಪರ್ ಇಕೊಂಟಾ: ಮುಖಗಳನ್ನು ತೆಗೆಯುವವರಿಗೆ

ಜೋಡಣೆಯಿರುವ ರೇಂಜ್‌ಫೈಂಡರ್, ಟೆಸ್ಸಾರ್ ಲೆನ್ಸ್, ಕಾಂಪುರ್ ಶಟರ್, ಮೂರೂ ಒಂದೇ ಕ್ಯಾಮೆರಾದಲ್ಲಿ ಬೇಕೆಂದರೆ ಸೂಪರ್ ಇಕೊಂಟಾ. ಲೆನ್ಸಿನ ಪಕ್ಕದ ಸಣ್ಣ ತೋಳಿನಲ್ಲಿ ತಿರುಗುವ ಗಾಜಿನ ಬೆಣೆಗಳ ಮೂಲಕ ಕೆಲಸ ಮಾಡುವ ಇದರ ರೇಂಜ್‌ಫೈಂಡರ್ ಬೇಗ ದಾರಿ ತಪ್ಪುವುದಿಲ್ಲ. ಅದರ ಮುಖ್ಯ ಬಲವೇ ಅದು. 531 ಮಾದರಿ 6×4.5 ಅಳತೆಯದಾಗಿ ಕಿಸೆಗೆ ಹಗುರ. 532/16 ಮಾದರಿಯಲ್ಲಿ ಎಫ್ 2.8 ಟೆಸ್ಸಾರ್ ಇದೆ, ಆದರೆ ತೂಕ ಕಿಲೋದ ಹತ್ತಿರ ಹೋಗುತ್ತದೆ, ಮತ್ತು ಫಿಲ್ಮ್ ನಿಲ್ಲಿಸುವ ವ್ಯವಸ್ಥೆಯಿಂದಾಗಿ 12ರ ಬದಲು 11 ಚಿತ್ರಗಳೇ ಬರುತ್ತವೆ. ಮಡಚುವ ಕ್ಯಾಮೆರಾ ಕೊಳ್ಳುವುದೇ ಹಗುರಕ್ಕಾಗಿ ಎನ್ನುವವರಿಗೆ ಅದು ತಕ್ಕದ್ದಲ್ಲ.

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಎದುರು ಬಂದವರನ್ನು ಎರಡು ಮೀಟರಿನಿಂದ ತೆಗೆಯುವವರು, ಮನೆಯ ಹಿರಿಯರ ಭಾವಚಿತ್ರ ಬಯಸುವವರು, ಮಗ್ಗ, ಕಮ್ಮಾರಸಾಲೆಗಳ ಒಳಗಿನ ಕೆಲಸ ತೋರಿಸಬೇಕೆನ್ನುವವರು, ಇವರಿಗೆ ಈ ಹೆಚ್ಚಿನ ಹಣ ಪ್ರತಿ ರೋಲಿನಲ್ಲಿಯೂ ತಿರುಗಿ ಬರುತ್ತದೆ. ಈ ಶಟರುಗಳಿಗಿರುವ ಇನ್ನೊಂದು ಗುಣವನ್ನೂ ಹೇಳಬೇಕು. ಫ್ಲ್ಯಾಶ್ ಜೋಡಣೆಯಿರುವ 1950ರ ದಶಕದ ಮಾದರಿಗಳು ಎಕ್ಸ್ ಗುರುತಿನಲ್ಲಿ ಯಾವ ವೇಗದಲ್ಲಿಯೂ ಎಲೆಕ್ಟ್ರಾನಿಕ್ ಫ್ಲ್ಯಾಶಿನೊಂದಿಗೆ ಹೊಂದುತ್ತವೆ. ಮಟಮಟ ಮಧ್ಯಾಹ್ನದಲ್ಲಿ ಪಟಕದ ನೆರಳಿನಲ್ಲಿ ಕಪ್ಪಾಗುವ ರೈತರ ಮುಖಕ್ಕೆ ಸಣ್ಣ ಫ್ಲ್ಯಾಶ್ ಕೊಟ್ಟು 1/200ರಲ್ಲಿ ಚಿತ್ರ ತೆಗೆಯಬಹುದು. ಇದು ಅದೇ ಜೋಡಣೆಯಿರುವ ನೆಟ್ಟಾರ್‌ಗೂ ಅನ್ವಯಿಸುತ್ತದೆ.

6×9ರ ಆಸೆ: ಮಾಸ್ಕ್ವಾ-5 ಮತ್ತು ಬೆಸ್ಸಾ

ಸೋವಿಯತ್ ಒಕ್ಕೂಟದ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆಯಲ್ಲಿ 1956ರಿಂದ 1960ರವರೆಗೆ ತಯಾರಾದ ಮಾಸ್ಕ್ವಾ-5, ಜೈಸ್‌ನ ಸೂಪರ್ ಇಕೊಂಟಾವನ್ನೇ ಮಾದರಿಯಾಗಿ ಇಟ್ಟುಕೊಂಡದ್ದು. ನಾಲ್ಕು ಗಾಜಿನ ಇಂಡಸ್ಟಾರ್ 105 ಮಿಲಿಮೀಟರ್ ಎಫ್ 3.5 ಲೆನ್ಸ್, ಜೋಡಣೆಯಿರುವ ರೇಂಜ್‌ಫೈಂಡರ್, ಚೌಕಟ್ಟು ಹಾಕಿದರೆ 6×6 ಕೂಡ. ಇಷ್ಟೆಲ್ಲವನ್ನು ಈ ಬೆಲೆಗೆ ಕೊಡುವ ಇನ್ನೊಂದು ಕ್ಯಾಮೆರಾ ಇಲ್ಲ. ಆದರೆ ಒಂದು ಪ್ರತಿಗೂ ಇನ್ನೊಂದು ಪ್ರತಿಗೂ ಗುಣಮಟ್ಟದಲ್ಲಿ ಅಂತರವಿರುತ್ತದೆ. ಲೆನ್ಸಿನ ಚೌಕಟ್ಟು ಕೊಂಚ ಓರೆಯಾಗಿದ್ದರೂ ಚಿತ್ರದ ಒಂದು ಬದಿ ಸ್ಪಷ್ಟ, ಇನ್ನೊಂದು ಮಸುಕು. ಇದೇ ಅಳತೆಯ ಬೆಸ್ಸಾ II 1950ರಿಂದ ಬಂದದ್ದು; ಕೆಲಸದ ನಯದಲ್ಲಿ ಬಹಳ ಮೇಲು, ಸಂಗ್ರಹಕಾರರ ಬೇಡಿಕೆಯಿಂದಾಗಿ ಬೆಲೆಯೂ ಹಾಗೆಯೇ.

6×9 ಗೋಳಗುಮ್ಮಟವನ್ನು ಪೂರ್ತಿ ಹಿಡಿಯುತ್ತದೆ, 6×6 ಹಿಡಿಯುವುದಿಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಲೆಕ್ಕ ಹಾಕಿ ನೋಡಿದರೆ ಅಂತರ ಅಷ್ಟಿಲ್ಲ. 75 ಮಿಲಿಮೀಟರಿನ 6×6 ಕ್ಯಾಮೆರಾ, ನೀವು ನಿಂತ ದೂರದ ಮುಕ್ಕಾಲು ಪಾಲಿನಷ್ಟು ಅಗಲವನ್ನು ಹಿಡಿಯುತ್ತದೆ. 80 ಮೀಟರ್ ದೂರದಿಂದ 60 ಮೀಟರ್. 105 ಮಿಲಿಮೀಟರಿನ 6×9 ಅದೇ ದೂರದಿಂದ 64 ಮೀಟರ್. ನಿಜವಾದ ಅಂತರ ಇರುವುದು ನೆಗೆಟಿವ್‌ನ ವಿಸ್ತಾರದಲ್ಲಿ, ಅದು 6×6ರ ಒಂದೂವರೆ ಪಟ್ಟು. ಎರಡರಲ್ಲಿಯೂ ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಮಿನಾರುಗಳು ಒಳಕ್ಕೆ ಬಾಗುತ್ತವೆ. ಹಿಂದೆ ಸರಿಯಲು ಸ್ಥಳವಿದ್ದರೆ ಕ್ಯಾಮೆರಾವನ್ನು ಮಟ್ಟವಾಗಿ ಹಿಡಿದು, ಬೇಡವಾದ ಮುಂಬದಿಯ ನೆಲವನ್ನು ಪ್ರಿಂಟ್‌ನಲ್ಲಿ ಕತ್ತರಿಸುವುದು ಒಳ್ಳೆಯದು. ಹಾಗೆ ಕತ್ತರಿಸಿದ ಮೇಲೂ ಸಾಕಷ್ಟು ನೆಗೆಟಿವ್ ಉಳಿಯಬೇಕೆನ್ನುವವರಿಗೆ 6×9 ಸಾರ್ಥಕ. ಒಂದೊಂದು ಚಿತ್ರಕ್ಕೂ ತಾಳ್ಮೆಯಿಂದ ನಿಂತು, ಸ್ಮಾರಕಗಳ ದೊಡ್ಡ ಪ್ರಿಂಟ್ ಮಾಡಿಸುವವರು ಮಾಸ್ಕ್ವಾ ಆರಿಸಬಹುದು. ಉಳಿದವರಿಗೆ ರೋಲಿಗೆ ಎಂಟೇ ಚಿತ್ರ ಎಂಬುದು ಬೇಗ ಭಾರವಾಗುತ್ತದೆ.

ಮನೆಯಲ್ಲಿ ಸಿಕ್ಕದ್ದು

ಟ್ರಂಕಿನಲ್ಲಿ ಸಿಕ್ಕ ಕ್ಯಾಮೆರಾ 120ರದ್ದಾಗಿದ್ದು, ಬೆಲ್ಲೋಸ್ ಗಟ್ಟಿಯಿದ್ದರೆ ಬೇರೆಯದನ್ನು ಹುಡುಕುವ ಅಗತ್ಯವೇ ಇಲ್ಲ. ಕೋಟಿಂಗ್ ಇಲ್ಲದಿದ್ದರೆ ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ತೆಗೆಯಿರಿ, ಅಷ್ಟೇ. ಕೊಡಕ್‌ನ 620 ಮಾದರಿಯಾಗಿದ್ದರೆ ನೆನಪಿಗಾಗಿ ಒಂದೆರಡು ರೋಲ್ ಸುತ್ತಿಕೊಂಡು ಬಳಸಬಹುದು, ನಿತ್ಯದ ಬಳಕೆಗೆ ಅದು ಕಷ್ಟ. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ III ಸಿಕ್ಕಿದ್ದರೆ, ಅದು ಮಡಚುವಂಥದ್ದಲ್ಲದಿದ್ದರೂ 120 ರೋಲಿನಲ್ಲಿ 12 ಚಿತ್ರ ಕೊಡುತ್ತದೆ. ಈ ಅಳತೆಯ ಫಿಲ್ಮ್ ನಿಮಗೆ ಹಿಡಿಸುತ್ತದೆಯೇ ಎಂದು ತಿಳಿಯಲು ಅದಕ್ಕಿಂತ ಕಡಿಮೆ ಖರ್ಚಿನ ದಾರಿಯಿಲ್ಲ.

ಹೊಸ ಕಾಲದ ಫೋಲ್ಡಿಂಗ್ ಕ್ಯಾಮೆರಾ ಇಲ್ಲವೇ ಎಂದರೆ, ಫ್ಯೂಜಿಯ ಜಿಎಫ್670 ಇದೆ. ಬೆಳಕಿನ ಮಾಪಕ, 6×6 ಮತ್ತು 6×7 ಎರಡೂ ಇರುವ ಅದ್ಭುತ ಯಂತ್ರ. ಅದರ ಬೆಲೆಗೆ ಹಲವಾರು ನೆಟ್ಟಾರ್ ಬರುತ್ತವೆ, ಒಳಗಿನ ಎಲೆಕ್ಟ್ರಾನಿಕ್ಸ್ ಕೆಟ್ಟರೆ ನಮ್ಮಲ್ಲಿ ಮಾಡುವಂಥದ್ದೇನೂ ಇಲ್ಲ.

ಹಣ ಕೊಡುವ ಮುನ್ನ

ಹೆಸರಿಗಿಂತ ಪ್ರತಿಯ ಸ್ಥಿತಿ ಮುಖ್ಯ ಎಂಬುದನ್ನು ಎಷ್ಟು ಹೇಳಿದರೂ ಕಡಿಮೆಯೇ. ಕೈಗೆ ಸಿಕ್ಕ ಕ್ಯಾಮೆರಾವನ್ನು ಕತ್ತಲೆ ಕೋಣೆಗೆ ಒಯ್ದು, ಹಿಂಬಾಗಿಲು ತೆರೆದು, ಬೆಲ್ಲೋಸಿನೊಳಗೆ ಮೊಬೈಲ್ ಟಾರ್ಚ್ ಹಿಡಿದು ಹೊರಗಿನಿಂದ ಮಡಿಕೆಯ ಪ್ರತಿ ಮೂಲೆಯನ್ನೂ ನೋಡಬೇಕು. ತೂತಿದ್ದರೆ ನಕ್ಷತ್ರದಂತೆ ಹೊಳೆಯುತ್ತದೆ. ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ ಕೇಳಬೇಕು. ನಿಧಾನ ವೇಗಗಳು ನಡುವೆಯೇ ನಿಂತರೆ ಒಳಗಿನ ಹಲ್ಲುಚಕ್ರಗಳಲ್ಲಿ ಜಿಡ್ಡು ಕಟ್ಟಿದೆ ಎಂದರ್ಥ. ಬೆಳಗಾವಿಯಲ್ಲಿ ಗಡಿಯಾರ ದುರಸ್ತಿ ಮಾಡುವ ಹಿರಿಯರೊಬ್ಬರಿಗೆ ಇಂಥದೊಂದು ಶಟರ್ ತೋರಿಸಿದಾಗ ಅವರು ಹೇಳಿದ್ದು: “ಇದರೊಳಗಿರೂದು ಗಡಿಯಾರದ ಗಾಲಿನ ಅದಾವ್ರೀ. ಎಣ್ಣಿ ಮಾತ್ರ ಹಾಕಬ್ಯಾಡ್ರಿ, ತೊಳದ್ರ ಸಾಕು.” ಅವರ ಮಾತು ಸರಿ. ಎಣ್ಣೆ ಹರಿದು ಶಟರಿನ ಎಲೆಗಳಿಗೆ ಹತ್ತಿದರೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಮುಚ್ಚಿದ ಕಾರಿನೊಳಗೆ ಕ್ಯಾಮೆರಾ ಬಿಟ್ಟುಹೋದರೂ ಹಳೆಯ ಗ್ರೀಸ್ ಕರಗಿ ಇದೇ ಪಾಡು.

ಫೋಕಸ್ ನೋಡಲು ಟ್ರೇಸಿಂಗ್ ಪೇಪರಿನ ತುಂಡೊಂದನ್ನು ಫಿಲ್ಮ್ ಹಾಯುವ ಎರಡು ಹಳಿಗಳ ಮೇಲೆ ಬಿಗಿಯಾಗಿ ಎಳೆದು ಟೇಪ್ ಅಂಟಿಸಿ, ಶಟರನ್ನು ಬಿ ಗುರುತಿನಲ್ಲಿ (ಬಟನ್ ಒತ್ತಿ ಹಿಡಿದಷ್ಟು ಹೊತ್ತು ಅದು ತೆರೆದಿರುತ್ತದೆ) ತೆರೆದಿಟ್ಟು, ಮಾಳಿಗೆಯಿಂದ ದೂರದ ನೀರಿನ ಟಾಕಿಯನ್ನು ನೋಡಬೇಕು. ಉಂಗುರ ಅನಂತದ ಗುರುತಿನಲ್ಲಿದ್ದಾಗ ಕಾಗದದ ಮೇಲೆ ತಲೆಕೆಳಗಾಗಿ ಬಿದ್ದ ಟಾಕಿ, ಭೂತಗನ್ನಡಿಯಲ್ಲಿ ನೋಡಿದಾಗ, ಮೂಲೆಮೂಲೆಯಲ್ಲಿಯೂ ಚೂಪಾಗಿ ಕಾಣಬೇಕು. ಐಸೊಲೆಟ್ ಮತ್ತು ಮಾಸ್ಕ್ವಾಗಳಿಗೆ ಈ ಪರೀಕ್ಷೆ ತಪ್ಪಿಸಲೇಬಾರದು. ದೂರದಿಂದ ತರಿಸುವುದಾದರೆ ಈ ಮೂರರ ವೀಡಿಯೊಗಳನ್ನು ಮಾರುವವರಿಂದ ಕೇಳಿ ಪಡೆಯಿರಿ; ಹೊರದೇಶದಿಂದಾದರೆ ಸಾಗಣೆ ಮತ್ತು ಸುಂಕವನ್ನು ಸೇರಿಸಿದ ಮೇಲೆಯೇ ಬೆಲೆಗಳನ್ನು ಹೋಲಿಸಿ, ಏಕೆಂದರೆ ಅಗ್ಗದ ಕ್ಯಾಮೆರಾದ ಅಗ್ಗತನ ಅನೇಕ ಸಲ ಅಲ್ಲಿಯೇ ಕರಗಿಹೋಗುತ್ತದೆ.

ಇಟ್ಟುಕೊಳ್ಳುವ ರೀತಿ ಊರಿಗೆ ತಕ್ಕಂತೆ ಬೇರೆ. ಬೆಳಗಾವಿಯ ಮಳೆಗಾಲದಲ್ಲಿ ಹಳೆಯ ಚರ್ಮದ ಕೇಸಿನೊಳಗೆ ಬಿಟ್ಟ ಲೆನ್ಸಿಗೆ ಬೂಷ್ಟು ಹತ್ತುತ್ತದೆ. ಕೇಸಿನಿಂದ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು. ವಿಜಯಪುರ, ಬಾಗಲಕೋಟೆಗಳಲ್ಲಿ ಶತ್ರು ಧೂಳು. ಎರಿ ಹೊಲದ ನಡುವೆ ಚಿತ್ರ ತೆಗೆದ ಕೂಡಲೇ ಮಡಚಿಬಿಡಬೇಕು. ಬಾಗಿಲನ್ನು ಫಟ್ಟನೆ ತೆರೆದರೆ ಬೆಲ್ಲೋಸ್ ಗಾಳಿ ಎಳೆದುಕೊಂಡು, ಅದರೊಂದಿಗೆ ಧೂಳು ಒಳಹೋಗುವುದಲ್ಲದೆ ಫಿಲ್ಮ್ ಕೂಡ ಮುಂದಕ್ಕೆ ಉಬ್ಬುತ್ತದೆ. ಆದ್ದರಿಂದ ಕೈ ಅಡ್ಡ ಹಿಡಿದು ನಿಧಾನವಾಗಿ ತೆರೆದು, ತೆರೆದ ಮೇಲೆಯೇ ಫಿಲ್ಮನ್ನು ಮುಂದಕ್ಕೆ ತಿರುಗಿಸುವುದು ಸರಿಯಾದ ಕ್ರಮ.

ಮೊದಲ ರೋಲನ್ನು ಪ್ರವಾಸಕ್ಕೆ ಒಯ್ಯದೆ ಪರೀಕ್ಷೆಗೆ ಕೊಡಿ. ಐಎಸ್‌ಓ 100ರ ಕಪ್ಪು–ಬಿಳುಪು ರೋಲಿನಲ್ಲಿ ಒಂದೇ ಗೋಡೆಯನ್ನು ಬೇರೆ ಬೇರೆ ವೇಗಗಳಲ್ಲಿ, ಒಂದೇ ಕಂಬವನ್ನು ಅಳೆದ ದೂರಗಳಲ್ಲಿ ತೆಗೆದು, ಕೊನೆಯ ಚಿತ್ರಕ್ಕೆ ಮುನ್ನ ಕ್ಯಾಮೆರಾವನ್ನು ತೆರೆದ ಸ್ಥಿತಿಯಲ್ಲಿಯೇ ಐದು ನಿಮಿಷ ಬಿಸಿಲಿಗೆ ಇಡಿ. ಬೆಲ್ಲೋಸಿನಲ್ಲಿ ಕಣ್ಣಿಗೆ ಬೀಳದ ತೂತಿದ್ದರೆ ಆ ನೆಗೆಟಿವ್‌ನಲ್ಲಿ ಕಪ್ಪು ಮಚ್ಚೆಯಾಗಿ ಮೂಡುತ್ತದೆ. ವಾಪಸು ಕೊಡುವ ಅವಧಿ ಮುಗಿಯುವುದರೊಳಗೆ ಆ ರೋಲು ಡೆವಲಪ್ ಆಗಿ ಕೈಸೇರುವಂತೆ ನೋಡಿಕೊಳ್ಳಿ.